ಗಾಡಿಯ ಮೇಲೆ ಹೆಸರು ಬರೆಸುವ ಮುನ್ನ: ಹುಬ್ಬಳ್ಳಿಯವರಿಗೊಂದು ಕೈಪಿಡಿ

ಹುಬ್ಬಳ್ಳಿಯಲ್ಲಿ ಹೊಸ ಗಾಡಿ ಷೋರೂಮಿನಿಂದ ನೇರವಾಗಿ ಮನೆಗೆ ಬರುವುದು ಅಪರೂಪ. ಅದು ಮೊದಲು ಸಿದ್ಧಾರೂಢ ಮಠಕ್ಕೋ, ಮೂರುಸಾವಿರ ಮಠಕ್ಕೋ, ಮನೆತನದವರು ನಡೆದುಕೊಳ್ಳುವ ದರ್ಗಾಕ್ಕೋ, ಕೇಶ್ವಾಪುರದ ಕಡೆಯ ಚರ್ಚಿಗೋ ಹೋಗಿ ಬರುತ್ತದೆ. ಅದಾದ ಮೇಲೆ ವಾರದೊಳಗೆ ರೇಡಿಯಂ ಅಂಗಡಿಯ ಮುಂದೆ ನಿಲ್ಲುತ್ತದೆ. (ರೇಡಿಯಂ ಎಂದು ನಾವು ಕರೆಯುವುದು ಅಂಟುಳ್ಳ ವಿನೈಲ್ ಹಾಳೆಯನ್ನು, ಅದರಲ್ಲಿ ರೇಡಿಯಂ ಎಂಬ ಧಾತುವಿನ ಸುಳಿವೂ ಇರುವುದಿಲ್ಲ.) ನಾನು ವೃತ್ತಿಯಿಂದ ಕನ್ನಡ ಮೇಷ್ಟ್ರು. ನಮ್ಮ ಓಣಿಯಲ್ಲಿ ಯಾರೇ ಗಾಡಿ ತಂದರೂ ಅದರ ಮೇಲೆ ಬರೆಸುವ ಮಾತನ್ನು ತಿದ್ದಿಸಲು ನನ್ನ ಬಳಿ ಬರುವ ರೂಢಿ ಬಿದ್ದುಹೋಗಿರುವುದರಿಂದ, ಹಲವು ವರ್ಷಗಳಲ್ಲಿ ಕಂಡುಕೊಂಡ ಸಂಗತಿಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಈ ಊರಿನಲ್ಲಿ ಗಾಡಿಯ ಬರಹಕ್ಕೆ ಇಷ್ಟು ತೂಕ ಬಂದಿರುವುದಕ್ಕೆ ಕಾರಣವಿದೆ. 19ನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆ ಇಲ್ಲಿಗೆ ಬಂದಾಗ ತೆಲುಗರೂ ತಮಿಳರೂ ಮರಾಠಿಗರೂ ಆಂಗ್ಲೋ ಇಂಡಿಯನ್ನರೂ ಅದರ ಹಿಂದೆಯೇ ಬಂದರು. ಹತ್ತಿ ಮತ್ತು ಬಟ್ಟೆಯ ವ್ಯಾಪಾರ ಮಾರವಾಡಿ, ಗುಜರಾತಿ ಮನೆತನಗಳನ್ನು ತಂದಿತು. ಮನೆಯೊಳಗೆ ತಮ್ಮದೇ ನುಡಿಯಾಡುವ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರು, ದಖನಿ ಉರ್ದುವಿನ ಮುಸ್ಲಿಮರು, ಕೊಂಕಣಿಗರು, ಲಂಬಾಣಿಗರು, ಇವರೆಲ್ಲರ ನಡುವೆ ಬೇರೆ ಬೇರೆ ಮಠಗಳಿಗೆ ನಡೆದುಕೊಳ್ಳುವ ಕನ್ನಡಿಗರು, ಎಲ್ಲರೂ ಇದೇ ಊರಿನವರು. ಮನೆಯ ಬಾಗಿಲ ಮೇಲೆ ಬರೆದದ್ದನ್ನು ಓಣಿಯವರು ಮಾತ್ರ ಓದುತ್ತಾರೆ. ಗಾಡಿಯ ಬೆನ್ನಿನ ಮೇಲೆ ಬರೆದದ್ದನ್ನು ಚೆನ್ನಮ್ಮ ವೃತ್ತದ ಸಿಗ್ನಲಿನಲ್ಲಿ ನಿಂತವರೆಲ್ಲ ಓದುತ್ತಾರೆ, ಓದಿ ಒಳಗೆ ಕುಳಿತವರು ಯಾರಿರಬಹುದೆಂದು ಲೆಕ್ಕ ಹಾಕುತ್ತಾರೆ.

ಮಾತನ್ನು ಆರಿಸುವುದು

ಅಂಗಡಿಗೆ ಹೋಗಿ ಅಲ್ಲಿ ತೂಗುಹಾಕಿದ ಮಾದರಿಗಳಲ್ಲಿ ಒಂದನ್ನು ಬೆರಳು ಮಾಡಿ ತೋರಿಸುವುದು ಎಲ್ಲರೂ ಮಾಡುವ ತಪ್ಪು. ಮನೆಯಲ್ಲಿಯೇ ಕುಳಿತು, ಕಾಗದದ ಮೇಲೆ ಬರೆದು, ಮನೆಯವರಿಗೆಲ್ಲ ಒಮ್ಮೆ ಓದಿ ಹೇಳಿ, ಎರಡು ದಿನ ಬಿಟ್ಟು ಮತ್ತೆ ನೋಡಿ ಹೋಗಬೇಕು. ಆರಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಈ ಗಾಡಿಯನ್ನು ನನ್ನ ಹೊರತಾಗಿ ಯಾರು ಓಡಿಸುತ್ತಾರೆ, ಇದು ಎಲ್ಲೆಲ್ಲಿ ನಿಲ್ಲುತ್ತದೆ, ಮುಂದೆ ಇದನ್ನು ಕೊಳ್ಳುವವರು ಯಾರಾಗಬಹುದು.

ನಮ್ಮ ಭಾಗದ ಗಾಡಿಗಳ ಮೇಲಿನ ಮಾತುಗಳನ್ನು ಗಮನಿಸಿದರೆ ಅವು ಕೆಲವೇ ಬಗೆಯವು ಎಂಬುದು ತಿಳಿಯುತ್ತದೆ. ಮೊದಲನೆಯದು ದೇವರು ಮತ್ತು ಗುರುಗಳ ಹೆಸರು. ಹುಬ್ಬಳ್ಳಿಯಲ್ಲಿ ಸಿದ್ಧಾರೂಢರದು, ಗದಗಿನ ಕಡೆ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳದು, ಶಿಗ್ಗಾವಿಯ ಸುತ್ತ ಶಿಶುನಾಳ ಶರೀಫರದು, ಇವು ಒಂದೇ ಜಾತಿಯ ಸ್ವತ್ತಾಗಿ ಉಳಿಯದ ಹೆಸರುಗಳು. ಆದ್ದರಿಂದಲೇ ಅವುಗಳ ಹಿಂದೆ ಯಾವ ಮನೆತನವಿದೆಯೆಂದು ಊಹಿಸುವುದು ಕಷ್ಟ. ಎರಡನೆಯದು ಸಮುದಾಯದ ಗುರುತು: 786, ಜೈ ಭೀಮ್, ಜೈ ಸೇವಾಲಾಲ್, ಜೈ ಜಿನೇಂದ್ರ, ಸಂಗೊಳ್ಳಿ ರಾಯಣ್ಣನ ಅಥವಾ ಶಿವಾಜಿಯ ಕುದುರೆಯ ಚಿತ್ರ, ಇಷ್ಟಲಿಂಗ ಹಿಡಿದ ಬಸವಣ್ಣನ ಚಿತ್ರ. ಮೂರನೆಯದು ಊರಿನ ಗುರುತು. ಹುಬ್ಬಳ್ಳಿಗೆ ಕೆಎ 63 ಎಂಬ ಪ್ರತ್ಯೇಕ ಸಂಖ್ಯೆ ಬಂದಿದ್ದರೂ ನಮ್ಮ ಹುಡುಗರಿಗೆ ಧಾರವಾಡದ ಹಳೆಯ ಕೆಎ 25ರ ಮೇಲಿನ ಮೋಹ ಇನ್ನೂ ಹೋಗಿಲ್ಲ. ಗದಗಿನವರು 26 ಎಂದೂ ಹಾವೇರಿಯವರು 27 ಎಂದೂ ಹೆಮ್ಮೆಯಿಂದ ಅಂಟಿಸಿಕೊಳ್ಳುತ್ತಾರೆ. ಹಾವೇರಿ ಜಿಲ್ಲೆಯಲ್ಲಿ ಇದಕ್ಕೊಂದು ಉಪಶಾಖೆಯೂ ಇದೆ: ದೀಪಾವಳಿಯ ಹೊತ್ತಿಗೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯ ಹೋರಿಗಳ ಹೆಸರುಗಳು ಬೈಕುಗಳ ಮೇಲೆ ಬರುತ್ತವೆ, ಹೋರಿಯ ಅಭಿಮಾನಿ ಜಾತಿ ಕೇಳುವುದಿಲ್ಲ.

ನಾಲ್ಕನೆಯದು ತಾಯಿಯ ಆಶೀರ್ವಾದ. ಬಾಡಿಗೆಗೆ ಓಡುವ ಕ್ರೂಸರ್, ಟಂಟಂ, ಟಾಟಾ ಏಸುಗಳ ಮೇಲೆ ಇದೇ ಹೆಚ್ಚಾಗಿ ಕಾಣುವುದಕ್ಕೆ ಭಕ್ತಿಯ ಜೊತೆಗೆ ವ್ಯವಹಾರದ ಕಾರಣವೂ ಇದೆ. ಒಂದೇ ಕ್ರೂಸರ್ ಈ ವಾರ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ, ಮುಂದಿನ ವಾರ ಉರುಸಿಗೆ, ಆಮೇಲೆ ಒಂದು ಮದುವೆಯ ದಿಬ್ಬಣಕ್ಕೆ ಹೋಗಬೇಕಾಗುತ್ತದೆ. ಬಾಡಿಗೆ ಗೊತ್ತುಮಾಡಲು ಬಂದವರು ಗಾಡಿಯ ಬೆನ್ನು ನೋಡಿ ಹಿಂದೆ ಸರಿಯಬಾರದು. ಬಾಡಿಗೆ ಗಾಡಿ ಇಟ್ಟವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ಮನೆದೇವರ ಚಿತ್ರ ಒಳಗೆ ಡ್ಯಾಶ್‌ಬೋರ್ಡಿನ ಮೇಲೆ ಇರಲಿ, ಬೆನ್ನಿನ ಮೇಲೆ ಅವ್ವ ಇರಲಿ.

ಸ್ವಂತದ ಕಾರಿನವರಿಗೆ ಇಷ್ಟು ಬಿಗಿ ಬೇಕಾಗಿಲ್ಲ. ತನ್ನ ದೇವರ, ಗುರುವಿನ, ನಾಯಕನ ಹೆಸರನ್ನು ಬರೆಸುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ, ಅದು ಈ ಊರಿನ ಚೆಲುವುಗಳಲ್ಲಿ ಒಂದು. ಆದರೆ ನಮಸ್ಕಾರದ ಮಾತಿಗೂ ಸವಾಲಿನ ಮಾತಿಗೂ ಇರುವ ವ್ಯತ್ಯಾಸವನ್ನು ಅರಿತಿರಬೇಕು. ‘ಜೈ’ ಎಂದು ತನ್ನವರನ್ನು ನೆನೆಯುವುದು ಒಂದು, ‘ತಾಕತ್ತಿದ್ದರೆ ಬಾ’ ಎಂಬ ಧಾಟಿಯಲ್ಲಿ ಪರರನ್ನು ಕರೆಯುವುದು ಇನ್ನೊಂದು. ನಮ್ಮ ಓಣಿಯ ಟಂಟಂ ಹುಡುಗನೊಬ್ಬ ಹೀಗೊಂದು ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ತಂದಾಗ ನಾನು ಅದರ ಕಾಗುಣಿತವನ್ನು ತಿದ್ದಲಿಲ್ಲ. ‘ಸರ್ರ, ಇದು ಬರೇ ಸ್ಟೈಲಿಗ್ರಿ, ಯಾರಿಗೂ ಅಂದದ್ದಲ್ಲ’ ಎಂದ. ‘ಯಾರಿಗೂ ಅಂದದ್ದಲ್ಲಂದ್ರ ಬರಸೋದ್ಯಾಕೋ? ನಾಳೆ ಪಂಚರ್ ಆಗಿ ಆ ಓಣ್ಯಾಗ ನಿಂತಿ ಅಂದ್ರ ಜಾಕ್ ಯಾರ್ ಕೊಡ್ತಾರ?’ ಎಂದು ಕೇಳಿದೆ. ಅವನಿಗೆ ಬೋಧನೆಗಿಂತ ಜಾಕಿನ ಮಾತು ಬೇಗ ನಾಟಿತು. ಮಗಳ ಹೆಸರನ್ನು ಬರೆಸಿದ. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಬರಹವಾದರೆ ಅದು ಟ್ರಾಫಿಕ್ ದಂಡದಲ್ಲಿ ಮುಗಿಯುವುದಿಲ್ಲ, ಭಾರತೀಯ ನ್ಯಾಯ ಸಂಹಿತೆಯ 196ನೆಯ ಸೆಕ್ಷನ್ನಿನ ವರೆಗೆ ಹೋಗುತ್ತದೆ ಎಂಬುದನ್ನೂ ತಿಳಿದಿರಬೇಕು. ಇನ್ನು ಬರಿಯ ಜಾತಿಯ ಹೆಸರನ್ನೇ ದಪ್ಪಕ್ಷರದಲ್ಲಿ ಬರೆಸುವುದರ ಬಗ್ಗೆ ನನ್ನ ಅಭಿಪ್ರಾಯ ಕೇಳಿದವರಿಗೆ ನಾನು ಬೇಡವೆಂದೇ ಹೇಳುತ್ತ ಬಂದಿದ್ದೇನೆ. ಗುರುವಿನ ಹೆಸರಿಗೆ ಒಂದು ಅರ್ಥವಿರುತ್ತದೆ, ಬರಿಯ ಜಾತಿಯ ಹೆಸರು ದನಕ್ಕೆ ಒತ್ತಿದ ಮುದ್ರೆಯಂತೆ ಕಾಣುತ್ತದೆ.

ಲಿಪಿ ಮತ್ತು ಕಾಗುಣಿತ

ಇದು ನನ್ನ ಸ್ವಂತ ಅಂಗಳವಾದ್ದರಿಂದ ಸ್ವಲ್ಪ ಹೆಚ್ಚು ಹೇಳುತ್ತೇನೆ. ಕರ್ನಾಟಕದ ಗಾಡಿಗಳ ಮೇಲೆ ಅತಿ ಹೆಚ್ಚು ತಪ್ಪಾಗಿ ಬರೆಯಲ್ಪಡುವ ಶಬ್ದ ಯಾವುದೆಂದು ಯಾರಾದರೂ ಕೇಳಿದರೆ, ‘ಆಶೀರ್ವಾದ’ ಎಂದು ಎರಡು ಬಾರಿ ಯೋಚಿಸದೆ ಹೇಳುತ್ತೇನೆ. ಹತ್ತು ಗಾಡಿಗಳನ್ನು ನಿಲ್ಲಿಸಿ ನೋಡಿ, ಹಲವದರ ಮೇಲೆ ‘ಆರ್ಶೀವಾದ’ ಎಂದಿರುತ್ತದೆ. ಇದರ ಮೂಲ ಅರ್ಕಾವತ್ತಿನಲ್ಲಿದೆ. ಉಚ್ಚಾರದಲ್ಲಿ ‘ರ್’ ಮೊದಲು ಬಂದು ‘ವ’ ಆಮೇಲೆ ಬರುತ್ತದೆ. ಬರವಣಿಗೆಯಲ್ಲಿ ಅರ್ಕಾವತ್ತು ‘ವಾ’ ಅಕ್ಷರದ ಬಲಕ್ಕೆ ಬರುತ್ತದೆ. ಕಿವಿ ಒಂದು ಕಡೆ ಎಳೆದರೆ ಕೈ ಇನ್ನೊಂದು ಕಡೆ ಎಳೆದು, ಆ ಚಿಹ್ನೆ ಶೀ ಅಕ್ಷರದ ಬೆನ್ನಿಗೆ ಹೋಗಿ ಕೂರುತ್ತದೆ. ಒಮ್ಮೆ ಅಂಗಡಿಯೊಂದರಲ್ಲಿ ಈ ತಪ್ಪನ್ನು ತೋರಿಸಿದಾಗ ಮಾಲೀಕರು ತಲೆ ಎತ್ತದೆ ಹೇಳಿದ ಮಾತು ಇನ್ನೂ ನೆನಪಿದೆ: ‘ಗೊತ್ತೈತ್ರಿ ಸರ್ರ. ಸರಿ ಬರದ್ರ ಗಿರಾಕಿ ತಪ್ಪ ಬರದೀರಿ ಅಂತ ವಾಪಸ್ ಬರ್ತಾರ್ರಿ.’

ತಪ್ಪು ನುಸುಳುವ ಇನ್ನೊಂದು ಬಾಗಿಲು ಕಂಪ್ಯೂಟರಿನಲ್ಲಿದೆ. ನೀವು ಮೊಬೈಲಿನಲ್ಲಿ ಟೈಪು ಮಾಡಿ ವಾಟ್ಸಾಪಿನಲ್ಲಿ ಕಳಿಸುವ ಕನ್ನಡ ಯೂನಿಕೋಡಿನಲ್ಲಿರುತ್ತದೆ. ಅನೇಕ ಅಂಗಡಿಗಳ ಹಳೆಯ ವಿನ್ಯಾಸ ತಂತ್ರಾಂಶಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅಲ್ಲಿ ಅಂಟಿಸಿದೊಡನೆ ನಿಮ್ಮ ಮಾತು ಚೌಕಗಳಾಗಿ ಅಥವಾ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಆಗ ಆಪರೇಟರ್ ಅದನ್ನು ಕಣ್ಣಿನಿಂದ ನೋಡಿ ಮತ್ತೆ ಟೈಪು ಮಾಡುತ್ತಾನೆ. ಆದ್ದರಿಂದ ಕತ್ತರಿಸುವ ಯಂತ್ರಕ್ಕೆ ಕಳಿಸುವ ಮೊದಲು ಪರದೆಯ ಮೇಲೆ ಬಂದದ್ದನ್ನು ಅಕ್ಷರ ಅಕ್ಷರವಾಗಿ, ಸಾಧ್ಯವಾದರೆ ಹಿಂದಿನಿಂದ ಮುಂದಕ್ಕೆ, ಓದಿ ನೋಡಬೇಕು. ಒಮ್ಮೆ ಕತ್ತರಿಸಿದ ಮೇಲೆ ಹಾಳೆ ನಿಮ್ಮದು, ಹಣವೂ ನಿಮ್ಮದು.

ಅಕ್ಷರದ ಎತ್ತರಕ್ಕೆ ಬೋರ್ಡು ಬರೆಯುವವರಲ್ಲಿ ಒಂದು ಹಳೆಯ ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಅಂಗುಲ. ಹಿಂದಿನ ಗಾಡಿ ಮೂವತ್ತು ಅಡಿ ದೂರದಿಂದ ಓದಬೇಕಾದರೆ ಅಕ್ಷರ ಮೂರು ಅಂಗುಲವಿರಬೇಕು. ಈ ಲೆಕ್ಕ ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಹೊಂದುತ್ತದೆ. ಕನ್ನಡದಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು ಇರುವುದರಿಂದ ಮೂರು ಅಂಗುಲದ ಅಕ್ಷರಕ್ಕೆ ಸುಮಾರು ಐದು ಅಂಗುಲದ ಜಾಗ ಬೇಕು. ‘ಪ್ರಸನ್ನ’ ಎಂಬ ಮಾತಿನ ನಾವತ್ತು ಬಂಪರಿನ ಅಂಚಿಗೆ ತಾಗಿ ಮಡಚಿಕೊಂಡಿರುವುದನ್ನು ನೀವೂ ನೋಡಿರುತ್ತೀರಿ. ಅಲಂಕಾರದ ಅಕ್ಷರಗಳಲ್ಲಿ ಒತ್ತಿನ ಬಾಲ ಎಳೆಯಷ್ಟು ತೆಳ್ಳಗಿದ್ದರೆ ಎರಡು ಸಲ ತೊಳೆಯುವಷ್ಟರಲ್ಲಿ ಅದು ಕಿತ್ತುಹೋಗಿ, ಶಬ್ದದ ಅರ್ಥವೇ ಬೇರೆಯಾಗುತ್ತದೆ.

ಬೇರೆ ಲಿಪಿಗಳಲ್ಲಿ ಬರೆಸುವವರು ಆ ಲಿಪಿ ಬಲ್ಲವರ ಕೈಬರಹವನ್ನೋ ಚಿತ್ರವನ್ನೋ ತೆಗೆದುಕೊಂಡು ಹೋಗುವುದು ಒಳ್ಳೆಯದು. ಉರ್ದು ಬಲದಿಂದ ಎಡಕ್ಕೆ ಓಡುವ ಲಿಪಿ, ಅದರ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅದನ್ನು ಅರಿಯದ ಆಪರೇಟರ್ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕತ್ತರಿಸಿದರೂ ಅಂಗಡಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಮನೆಗೆ ಬಂದಾಗ ಅಜ್ಜನಿಗೆ ಗೊತ್ತಾಗುತ್ತದೆ. ಮರಾಠಿಯ, ತೆಲುಗಿನ ಮಾತಿಗೂ ಇದೇ ಎಚ್ಚರ ಬೇಕು. ಮನೆಮಾತಿನಲ್ಲಿ ಒಂದು ಸಾಲು, ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಸುವವರೂ ಇದ್ದಾರೆ. ನನಗೆ ಅದು ಹಿಡಿಸುತ್ತದೆ. ಊರಿನ ಹೆಸರನ್ನು ಬರೆಸುವವರು ಮಾತ್ರ ‘ಹುಬ್ಳಿ’ ಎನ್ನದೆ ‘ಹುಬ್ಬಳ್ಳಿ’ ಎಂದೇ ಬರೆಸಬೇಕು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಹಾಗೆಯೇ ಬರೆಯಬೇಕೆಂದು ಸರಕಾರವೇ ಆಜ್ಞೆ ಮಾಡಿದೆ, ನಾವೇ ಒತ್ತು ನುಂಗಿದರೆ ಹೇಗೆ?

ಎಲ್ಲಿ ಬರೆಸಬಾರದು

ನಂಬರ್ ಪ್ಲೇಟನ್ನು ಮುಟ್ಟಲೇಬಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50 ಮತ್ತು 51ನೆಯ ನಿಯಮಗಳು ಅಕ್ಷರದ ಅಳತೆ, ಬಣ್ಣ, ರೂಪಗಳನ್ನು ಗೊತ್ತುಪಡಿಸಿವೆ. ಅಕ್ಷರಗಳು ಇಂಗ್ಲಿಷಿನಲ್ಲಿ, ಅಂಕಿಗಳು 1, 2, 3 ಎಂಬ ರೂಪದಲ್ಲಿ ಇರಬೇಕು. ಕನ್ನಡದ ಮೇಲಿನ ಅಭಿಮಾನದಿಂದ ಕನ್ನಡ ಅಂಕಿಗಳ ಪ್ಲೇಟನ್ನು ಹಾಕಿಸಿದವರು ದಂಡ ಕಟ್ಟಿದ್ದುಂಟು. ಕನ್ನಡ ಅಂಕಿ ಬೇಕೇ ಬೇಕೆನ್ನುವವರು ಡಿಕ್ಕಿಯ ಬಾಗಿಲ ಮೇಲೆ ಬೇರೆಯಾಗಿ ಬರೆಸಿಕೊಳ್ಳಲಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಕಡ್ಡಾಯವಾದ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ ನೋಂದಣಿ) ಪ್ಲೇಟಿನ ಮೇಲೆ ಅಶೋಕ ಚಕ್ರದ ಹೊಲೊಗ್ರಾಮೂ ಲೇಸರಿನಿಂದ ಕೊರೆದ ಸಂಖ್ಯೆಯೂ ಇರುತ್ತವೆ. ಅದರ ಮೇಲೆ ದೇವರ ಚಿತ್ರವಾಗಲಿ, ಸಂಘಟನೆಯ ಹೆಸರಾಗಲಿ, ಕೆಂಪು ಹಳದಿಯ ಪಟ್ಟಿಯಾಗಲಿ ಬರುವಂತಿಲ್ಲ. ಮುಂದಿನ ಗಾಜಿನ ಮೇಲೆ ಅಂಟಿಸಿರುವ ಚಿಕ್ಕ ನೋಂದಣಿ ಸ್ಟಿಕ್ಕರನ್ನೂ ಮುಚ್ಚಬಾರದು. ಅದರ ಬಣ್ಣವೇ ಇಂಧನವನ್ನು ಹೇಳುತ್ತದೆ: ತಿಳಿನೀಲಿ ಪೆಟ್ರೋಲು ಅಥವಾ ಸಿಎನ್‌ಜಿ, ಕಿತ್ತಳೆ ಡೀಸೆಲ್.

ಗಾಜಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿಯೇ ಕಪ್ಪು ಫಿಲ್ಮುಗಳನ್ನು ನಿಷೇಧಿಸಿದೆ. ಮುಂದಿನ ಹಿಂದಿನ ಗಾಜುಗಳ ಮೂಲಕ ಶೇಕಡಾ 70ರಷ್ಟು, ಪಕ್ಕದ ಗಾಜುಗಳ ಮೂಲಕ ಶೇಕಡಾ 50ರಷ್ಟು ಬೆಳಕು ಹಾಯಬೇಕೆಂಬುದು ನಿಯಮ. ಹಿಂದಿನ ಗಾಜಿನ ತುಂಬ ರಾಯಣ್ಣನನ್ನೋ ಶಿವಾಜಿಯನ್ನೋ ಕೂರಿಸಿದವರಿಗೆ ಹಿಂದೆ ಬರುವ ಬೈಕು ಕಾಣುವುದಿಲ್ಲ. ಆ ವೀರರು ಕುದುರೆಯ ಮೇಲೆ ಹೋಗುವಾಗಲಾದರೂ ಹಿಂದೆ ತಿರುಗಿ ನೋಡುತ್ತಿದ್ದರು. ಚಿತ್ರವನ್ನು ಲೋಹದ ಮೈಮೇಲೆ ಅಂಟಿಸುವುದೇ ಸರಿ. ಇಡೀ ಗಾಡಿಗೆ ಹೊದಿಕೆ ಹಾಕಿಸಿ ಬಣ್ಣವನ್ನೇ ಬದಲಾಯಿಸಿದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಬೇಕಾಗುತ್ತದೆ. ಸರಕು ಗಾಡಿಗಳ ಮೇಲಿನ ಪ್ರತಿಫಲನ ಪಟ್ಟಿ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಇರುತ್ತದೆ. ಅದನ್ನು ಮುಚ್ಚುವ ಬರಹ ರಾತ್ರಿ ಗಬ್ಬೂರಿನ ಬೈಪಾಸಿನಲ್ಲಿ ಜೀವಕ್ಕೇ ಎರವಾದೀತು.

ಧ್ವಜಗಳ ಬಗ್ಗೆ ಎರಡು ಮಾತು. ರಾಷ್ಟ್ರಧ್ವಜವನ್ನು ಗಾಡಿಯ ಬಾನೆಟ್ಟು, ಮೇಲ್ಛಾವಣಿ, ಪಕ್ಕ, ಹಿಂಬದಿಗಳಿಗೆ ಹೊದಿಸುವಂತಿಲ್ಲವೆಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ಕಾರಿನ ಮೇಲೆ ಅದನ್ನು ಹಾರಿಸುವ ಅಧಿಕಾರವೂ ಗೊತ್ತಾದ ಕೆಲವು ಪದವಿಯವರಿಗೆ ಮಾತ್ರ ಇದೆ. ಮ. ರಾಮಮೂರ್ತಿಯವರು ರೂಪಿಸಿದ ಕೆಂಪು ಹಳದಿಯ ಕನ್ನಡ ಬಾವುಟವನ್ನು ನವೆಂಬರಿನಲ್ಲಿ ಕಟ್ಟುವವರು ಅದು ನಂಬರನ್ನೂ ಹಿಂದಿನ ದೀಪಗಳನ್ನೂ ಮುಚ್ಚದಂತೆ ಕಟ್ಟಬೇಕು, ತಿಂಗಳು ಮುಗಿದ ಮೇಲೆ ಬಿಚ್ಚಿಡಬೇಕು. ಜನವರಿಯಲ್ಲಿ ಧೂಳು ಹಿಡಿದು ಹರಿದು ನೇತಾಡುವ ಬಾವುಟ ಯಾರ ಅಭಿಮಾನವನ್ನೂ ತೋರಿಸುವುದಿಲ್ಲ.

ಅಂಟಿಸುವ ಕೆಲಸ

ಷೋರೂಮಿನ ಬಣ್ಣದ ಮೇಲೆ ತಕ್ಷಣ ಅಂಟಿಸಬಹುದು. ಗ್ಯಾರೇಜಿನಲ್ಲಿ ಹೊಸದಾಗಿ ಬಣ್ಣ ಹೊಡೆಸಿದ್ದರೆ ಮೂರು ನಾಲ್ಕು ವಾರ ಕಾಯಬೇಕು, ಇಲ್ಲದಿದ್ದರೆ ಬಣ್ಣ ಒಣಗುವಾಗ ಹೊರಬರುವ ಆವಿಯಿಂದ ಹಾಳೆಯಡಿ ಗುಳ್ಳೆಗಳು ಏಳುತ್ತವೆ. ಜಾಗವನ್ನು ತೊಳೆದು, ಒರೆಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮೇಣದ ಅಂಶವನ್ನು ತೆಗೆಯಬೇಕು. ಸಾಲು ನೆಟ್ಟಗೆ ಬರಲು ಪೇಪರ್ ಟೇಪಿನ ಗೆರೆಯೊಂದನ್ನು ಎಳೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಬೇಕು. ಸೋಪಿನ ನೀರನ್ನು ಸಿಂಪಡಿಸಿ ಅಂಟಿಸಿದರೆ ಸ್ವಲ್ಪ ಹೊತ್ತು ಆಚೀಚೆ ಸರಿಸಲು ಅವಕಾಶ ಸಿಗುತ್ತದೆ. ನಡುವಿನಿಂದ ಅಂಚಿಗೆ ನೀರನ್ನು ಒತ್ತಿ ಹೊರಹಾಕಿ, ಅಕ್ಷರಗಳನ್ನು ಹಿಡಿದಿರುವ ಮೇಲಿನ ಟೇಪನ್ನು ನಿಧಾನವಾಗಿ, ಹಿಂದಕ್ಕೆ ಮಡಚಿದಂತೆ ಎಳೆಯಬೇಕು. ಒತ್ತಕ್ಷರಗಳು ಟೇಪಿನೊಡನೆ ಮೇಲೇಳುವುದು ಈ ಹಂತದಲ್ಲಿಯೇ. ಎರಡು ದಿನ ಗಾಡಿಯನ್ನು ತೊಳೆಯಬಾರದು. ಏಪ್ರಿಲಿನ ಮಧ್ಯಾಹ್ನದ ಬಿಸಿಲಿನಲ್ಲಿ ಈ ಕೆಲಸ ಬೇಡ, ಬೆಳಿಗ್ಗೆ ಮುಗಿಸಿಕೊಳ್ಳಿ.

ಕೈಯಿಂದ ಬರೆಯುವ ಪೇಂಟರು ಸಿಕ್ಕರೆ ಮಾತ್ರ ರೇಡಿಯಂ ಬಿಟ್ಟು ಅವರಲ್ಲಿಗೆ ಹೋಗಿ. ಲಾರಿಯ ಹಲಗೆಗೆ ಕುಂಚದ ಅಕ್ಷರ ಒಪ್ಪುವಷ್ಟು ಬೇರಾವುದೂ ಒಪ್ಪುವುದಿಲ್ಲ, ತಪ್ಪಾದರೆ ಅಲ್ಲಿಯೇ ಒರೆಸಿ ತಿದ್ದಲೂ ಬರುತ್ತದೆ.

ಖಂಡೇ ಪೂಜೆಯ ದಿನ

ನಮ್ಮ ಕಡೆ ಗಾಡಿಯ ಪೂಜೆ ಮಹಾನವಮಿಯ ಖಂಡೇ ಪೂಜೆಗೂ (ಆಯುಧಪೂಜೆಗೂ) ದೀಪಾವಳಿಯ ಪಾಡ್ಯಕ್ಕೂ ನಡೆಯುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಕೋಡಣಸು ತೊಡಿಸಿ, ಬೆನ್ನಿಗೆ ಜೂಲ ಹೊದಿಸುವ ಮನೆತನಗಳೇ ಟ್ರ್ಯಾಕ್ಟರಿನ ಬಾನೆಟ್ಟಿಗೂ ಗೊಂಡೆ ಕಟ್ಟುತ್ತವೆ; ಮೊಹರಮ್ಮಿನಲ್ಲಿ ಓದಿಸಿ ತಂದ ಲಾಡಿಯ ದಾರವೂ ಅದೇ ಟ್ರ್ಯಾಕ್ಟರಿನ ಕನ್ನಡಿಯ ಕಾಲಿಗೆ ಕಟ್ಟಿರುತ್ತದೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಮುಸ್ಲಿಂ ಮಿಸ್ತ್ರಿ ಆ ದಿನ ತನ್ನ ಪಾನಾಗಳನ್ನು ತೊಳೆದು ಮಾಲೀಕನ ಮುಂದಿಡುವುದೂ, ಪೂಜೆಯ ಪೇಢೆ ತೆಗೆದುಕೊಂಡು ಮನೆಗೆ ಹೋಗುವುದೂ ನಮ್ಮಲ್ಲಿ ಯಾರೂ ಬೆರಳು ಮಾಡಿ ತೋರಿಸದಷ್ಟು ಸಹಜ. ಆ ದಿನ ಪಾಲಿಸಬೇಕಾದದ್ದು ಇಷ್ಟೇ: ಚೆಂಡುಹೂವಿನ ಮಾಲೆ ರೇಡಿಯೇಟರಿನ ಗಾಳಿ ಕಟ್ಟಬಾರದು, ಕಬ್ಬು ಬಾಳೆಗಿಡಗಳು ಚಾಲಕನ ಕಣ್ಣಿಗೆ ಅಡ್ಡ ಬರಬಾರದು, ಕುಂಕುಮವನ್ನು ಬಣ್ಣದ ಮೇಲೆ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು. ಒಡೆದ ಬೂದುಗುಂಬಳವನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗುವುದನ್ನು ಮಾತ್ರ ನಾನು ಕ್ಷಮಿಸಲಾರೆ, ಅದರ ತಿರುಳಿನ ಮೇಲೆ ಜಾರಿ ಬಿದ್ದ ಬೈಕಿನವರನ್ನು ಎತ್ತಿದ್ದೇನೆ.

ಹಳೆಯ ಗಾಡಿ ಕೊಂಡವರಿಗೆ

ಹಿಂದಿನ ಮಾಲೀಕರ ಬರಹವನ್ನು ತೆಗೆಯುವಾಗ ಬ್ಲೇಡು ಹಿಡಿಯಬೇಡಿ. ಹೇರ್ ಡ್ರೈಯರಿನಿಂದ ಅಕ್ಷರವನ್ನು ಬೆಚ್ಚಗೆ ಮಾಡಿ, ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಮೈಗೆ ತಾಗಿದಂತೆ ಹಿಂದಕ್ಕೆ ಎಳೆಯಿರಿ. ಉಳಿದ ಅಂಟನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಸೋಪಿನ ನೀರಿನಿಂದ ತೊಳೆಯಿರಿ. ಥಿನ್ನರ್ ಬಣ್ಣವನ್ನೇ ಕರಗಿಸುತ್ತದೆ. ಇಷ್ಟಾದರೂ ಅಕ್ಷರದ ನೆರಳು ಉಳಿಯುತ್ತದೆ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಹಾಳೆಯ ಕೆಳಗಿದ್ದ ಬಣ್ಣ ಹೊಸದರಂತೆ ಉಳಿದಿರುವುದೇ ಇದಕ್ಕೆ ಕಾರಣ. ಕೆಂಪು ಗಾಡಿಯಲ್ಲಿ ಇದು ಎದ್ದು ಕಾಣುತ್ತದೆ. ರಬ್ಬಿಂಗ್ ಪಾಲಿಶ್ ಮಾಡಿಸಿದರೆ ಬಹುಮಟ್ಟಿಗೆ ಹೋಗುತ್ತದೆ.

ನಾನು ಹಳೇ ಹುಬ್ಬಳ್ಳಿಯಲ್ಲಿ ಕೊಂಡ ಕೆಂಪು ಓಮ್ನಿಯ ಹಿಂಬಾಗಿಲ ಮೇಲೆ 786 ಎಂದಿತ್ತು. ರೇಡಿಯಂ ತೆಗೆದೆ, ನೆರಳು ಉಳಿಯಿತು. ಅದರ ಕೆಳಗೆ ನನ್ನ ಹೆಂಡತಿ ‘ಶ್ರೀ ಸಿದ್ಧಾರೂಢ ಪ್ರಸನ್ನ’ ಎಂದು ಬರೆಸಿದಳು. ಒಂದು ಸಂಜೆ ದುರ್ಗದ ಬೈಲಿನ ಗದ್ದಲದಲ್ಲಿ ಗಾಡಿ ಹಿಂದಕ್ಕೆ ತೆಗೆಯಲಾರದೆ ಒದ್ದಾಡುತ್ತಿದ್ದಾಗ ಹಣ್ಣಿನ ಗಾಡಿಯ ಮುದುಕರೊಬ್ಬರು ‘ಆಂದೋ ಭಾಯ್, ಆಂದೋ’ (ಬರಲಿ ಭಾಯ್, ಬರಲಿ) ಎಂದು ಕೈ ಬೀಸಿ ದಾರಿ ಮಾಡಿಕೊಟ್ಟರು. ಗಾಡಿ ಹೊರಳಿದ ಮೇಲೆ ಹಿಂಬಾಗಿಲನ್ನು ಹತ್ತಿರದಿಂದ ಓದಿದವರು, ಕಿಟಕಿಯ ಬಳಿ ಬಂದು ‘ಮಾಸ್ತರ್ರ, ಮ್ಯಾಲಿಂದು ಪಾಲಿಶ್ ಮಾಡಸಬ್ಯಾಡ್ರಿ, ಇರ್ಲಿ’ ಎಂದರು. ಓಮ್ನಿಯನ್ನು ಮಾರುವವರೆಗೂ ನಾನು ಮಾಡಿಸಲಿಲ್ಲ. ಕೊಂಡವರು ಗದಗಿನವರು, ನಂಬರನ್ನು ಪರೀಕ್ಷಿಸುವ ಮೊದಲು ಅವರು ಕೇಳಿದ್ದು ಈ ಎರಡು ಸಾಲುಗಳಲ್ಲಿ ನನ್ನದು ಯಾವುದೆಂದು.